ತರೀಕೆರೆ ಏರಿ ಮೇಲಿಂದ ಒಂದು ರ‍್ಯಾಪ್

ಕನ್ನಡದ ಮಕ್ಕಳು ನಾಲಿಗೆ ಪಳಗಿಸಿಕೊಳ್ಳುವುದು ತರೀಕೆರೆಯಲ್ಲಿ. ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ಆ ಮಾತನ್ನು ತಡವರಿಸದೆ ಐದು ಸಲ ಹೇಳು ನೋಡೋಣ ಎಂಬ ಸವಾಲನ್ನು ಎದುರಿಸದ ಮಗು ನಮ್ಮಲ್ಲಿ ಸಿಗುವುದು ಕಷ್ಟ. ರಕಾರ, ಕಕಾರಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡು ಬಂದು ನಾಲಿಗೆಯನ್ನು ತೊಡರಿಸುತ್ತವೆ. ಸೋತವರೂ ನಗುತ್ತಾರೆ, ಗೆದ್ದವರೂ ನಗುತ್ತಾರೆ. ಹಿಪ್‌ಹಾಪ್ ಎಂಬ ಹೆಸರು ನಮ್ಮ ಕಿವಿಗೆ ಬೀಳುವ ಎಷ್ಟೋ ಮುಂಚಿನಿಂದ ಈ ಸೀಮೆಯ ಹೆಸರಿನಲ್ಲಿ ನಡೆದು ಬಂದಿರುವ ಬಾಯಿ ಕಸರತ್ತು ಅದು.

ಕಡೂರು, ತರೀಕೆರೆ, ಅಜ್ಜಂಪುರದ ಈ ಪಟ್ಟಿಯಲ್ಲಿ ಮಾತಿಗೆ ಯಾವತ್ತೂ ಬರವಿರಲಿಲ್ಲ. ‘ಜೈಮಿನಿ ಭಾರತ’ದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು, ನಾದಲೋಲ, ಉಪಮಾಲೋಲ ಎಂದು ಜನ ಅವನನ್ನು ಕರೆದದ್ದು ಸುಮ್ಮನೆ ಅಲ್ಲ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಎದ್ದ ಅಮೃತೇಶ್ವರ ದೇವಾಲಯದ ಶಾಸನ ಬರೆದವನು ಕವಿ ಜನ್ನ. ಬೀರೂರಿನ ಮೈಲಾರಲಿಂಗನ ಕಾರಣಿಕಕ್ಕೆ ದಸರೆಯ ಹೊತ್ತಿಗೆ ಜನ ಕಿವಿ ನಿಮಿರಿಸಿ ನಿಲ್ಲುತ್ತಾರೆ. ಗೊರವಯ್ಯ ನುಡಿಯುವುದು ಒಂದೆರಡು ಸಾಲು. ಮಳೆಯೋ, ಬೆಳೆಯೋ, ರಾಜಕೀಯವೋ ಎಂದು ಅದರ ಅರ್ಥ ಬಿಡಿಸುತ್ತಾ ಇಡೀ ಸೀಮೆ ವಾರಗಟ್ಟಲೆ ಮಾತಾಡುತ್ತದೆ. ಕೆಲವೇ ಪದಗಳಲ್ಲಿ ಸಾವಿರ ಜನರನ್ನು ಹಿಡಿದು ನಿಲ್ಲಿಸುವುದಕ್ಕೆ ರ‍್ಯಾಪ್ ಹುಡುಗರು ಪಂಚ್ ಅನ್ನುತ್ತಾರೆ. ಅದನ್ನು ಕಲಿಯಲು ಬೀರೂರಿನವರು ಅಮೆರಿಕದ ಕಡೆ ಮುಖ ಮಾಡಬೇಕಾಗಿಲ್ಲ.

ನಾನು ದಕ್ಷಿಣದ ರ‍್ಯಾಪಿನ ಕಟ್ಟಾ ಅಭಿಮಾನಿ. ತಮಿಳು, ಮಲಯಾಳ, ತೆಲುಗು, ಕನ್ನಡ, ಯಾವುದೇ ಇರಲಿ, ಹೊಸ ಹಾಡು ಬಂದರೆ ಮೊದಲು ವಿಡಿಯೊ ನೋಡುತ್ತೇನೆ, ಆಮೇಲೆ ಪರದೆ ಆರಿಸಿ ಬರೀ ಹಾಡು ಕೇಳುತ್ತೇನೆ. ಚಿತ್ರ ತೆಗೆದ ಮೇಲೂ ಹಾಡು ನಿಲ್ಲುತ್ತದೆಯೇ ಎಂಬುದು ನನ್ನ ಮೊದಲ ಪರೀಕ್ಷೆ. ಹಾಡುವವನು ಎಲ್ಲಿ ನಿಂತು ಮಾತಾಡುತ್ತಿದ್ದಾನೆ ಎಂಬುದು ಗೊತ್ತಾಗುತ್ತದೆಯೇ ಎಂಬುದು ಎರಡನೆಯದು. ಈ ಎರಡನ್ನೂ ದಾಟಿದ ಹಾಡುಗಳೇ ಊರು ದಾಟಿ, ಭಾಷೆ ದಾಟಿ ಹೋಗಿವೆ. ತನ್ನ ನೆಲದ ಮೇಲೆ ಕಾಲೂರಿದ ರ‍್ಯಾಪಿಗೆ ಮಾತ್ರ ದೂರ ಹೋಗುವ ಕಸುವು ಇರುತ್ತದೆ ಎಂಬುದು ನಾನು ಕೇಳಿ ಕೇಳಿ ಕಂಡುಕೊಂಡ ಮಾತು. ಅದನ್ನು ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಹೇಳಬೇಕೆಂದೇ ಈ ಬರಹ.

ಮರಣಬಾವಿಯೊಳಗಿಂದ ಜಗತ್ತಿಗೆ

ರ‍್ಯಾಪಿನ ಹುಟ್ಟೂರು ನ್ಯೂಯಾರ್ಕಿನ ಬ್ರಾಂಕ್ಸ್. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಅಲ್ಲಿ ನಡೆಸಿದ ಒಂದು ಪಾರ್ಟಿಯನ್ನೇ ಹಿಪ್‌ಹಾಪಿನ ಜನ್ಮದಿನ ಎಂದು ಎಣಿಸುತ್ತಾರೆ. ಮುಂದೆ ಬಹುಕಾಲ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಎಂಬ ಎರಡು ನಗರಗಳೇ ಯಜಮಾನಿಕೆ ನಡೆಸಿದವು. ಅಟ್ಲಾಂಟಾ, ಹ್ಯೂಸ್ಟನ್ ಕಡೆಯ ಹುಡುಗರ ಮಾತಿನ ಎಳೆತ ಹಳ್ಳಿಗಾಡಿನದು ಎಂಬ ತಾತ್ಸಾರವಿತ್ತು. 1995ರಲ್ಲಿ ನ್ಯೂಯಾರ್ಕಿನ ಸೋರ್ಸ್ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಗೆ ಪ್ರಶಸ್ತಿ ಬಂದಾಗ ಸಭಿಕರು ಕೂಗಿ ಹೀಯಾಳಿಸಿದರು. ದಕ್ಷಿಣಕ್ಕೂ ಹೇಳುವುದಿದೆ ಎಂದು ಆಂಡ್ರೆ 3000 ಅದೇ ವೇದಿಕೆಯಿಂದ ಉತ್ತರ ಕೊಟ್ಟ. ಆಮೇಲಿನ ವರ್ಷಗಳಲ್ಲಿ ಅಮೆರಿಕದ ರ‍್ಯಾಪನ್ನು ಮುನ್ನಡೆಸಿದ್ದು ಆ ದಕ್ಷಿಣವೇ. ಎಳೆತವನ್ನು ಅವರು ತಿದ್ದಿಕೊಳ್ಳಲಿಲ್ಲ, ಇನ್ನಷ್ಟು ಎಳೆದರು. ಹ್ಯೂಸ್ಟನ್ನಿನ ಡಿಜೆ ಸ್ಕ್ರೂ ಹಾಡುಗಳ ವೇಗವನ್ನೇ ತಗ್ಗಿಸಿ, ತನ್ನ ಊರಿನ ಸಾವಧಾನವನ್ನು ಒಂದು ಶೈಲಿ ಮಾಡಿಬಿಟ್ಟ.

ಆ ಹ್ಯೂಸ್ಟನ್ನಿಗೂ ನಮಗೂ ನಡುವೆ ಒಬ್ಬ ಸೇತುವೆಯಾಗಿದ್ದಾನೆ. ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್ನಿನಲ್ಲಿ ಬೆಳೆದು, ಬೆಂಗಳೂರಿನ ವೇದಿಕೆಗಳಲ್ಲಿ ಪಳಗಿದ ಸೂರಜ್ ಚೆರುಕಾಟ್, ಅಂದರೆ ಹನುಮಾನ್‌ಕೈಂಡ್. 2024ರ ಜುಲೈನಲ್ಲಿ ಬಂದ ‘ಬಿಗ್ ಡಾಗ್ಸ್’ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಏರಿತು. ಸಂಗೀತ ಕಲ್ಮಿಯದು, ವಿಡಿಯೊ ನಿರ್ದೇಶನ ಬಿಜೋಯ್ ಶೆಟ್ಟಿಯವರದು. ಚಿತ್ರೀಕರಣ ನಡೆದದ್ದು ಕೇರಳದ ಪೊನ್ನಾನಿಯ ಒಂದು ಮರಣಬಾವಿಯಲ್ಲಿ.

ಜಾತ್ರೆಗೆ ಹೋದವರಿಗೆಲ್ಲ ಮರಣಬಾವಿ ಗೊತ್ತು. ಹಲಗೆ ಜೋಡಿಸಿದ ದುಂಡು ಗೋಡೆ, ಮೇಲೆ ಅಂಚಿನಲ್ಲಿ ಬಗ್ಗಿ ನೋಡುವ ಜನ, ಒಳಗೆ ಗೋಡೆಗೆ ಅಡ್ಡಡ್ಡ ಓಡುವ ಬೈಕು, ಕಾರು. ಈ ವಿಡಿಯೊದಲ್ಲಿ ಹನುಮಾನ್‌ಕೈಂಡ್ ಬಾವಿಯ ನಡುವೆ ನಿಂತು ಹಾಡುತ್ತಾನೆ, ವಾಹನಗಳು ಅವನ ಸುತ್ತ ಗೋಡೆ ಹತ್ತುತ್ತವೆ. ಬೇಸಿನ ಗುಡುಗು ಮತ್ತು ಹಲಗೆಯ ಮೇಲೆ ಚಕ್ರ ಉರುಳುವ ಅದುರು, ಇವೆರಡೂ ಒಂದೇ ಸದ್ದು ಎಂಬ ಭ್ರಮೆ ಹುಟ್ಟುತ್ತದೆ. ಓಡಿಸುವವರು ಅದನ್ನೇ ಹೊಟ್ಟೆಪಾಡು ಮಾಡಿಕೊಂಡ ನಿಜವಾದ ಕಸುಬುದಾರರು. ಬಾಡಿಗೆ ಕಾರಿಲ್ಲ, ಚಿನ್ನದ ಸರವಿಲ್ಲ, ಈಜುಕೊಳವಿಲ್ಲ. ಇಂಗ್ಲಿಷಿನಲ್ಲಿ ಹಾಡಿದರೂ ಆ ಹಾಡು ಮಲಬಾರಿನದು ಅನ್ನಿಸುವುದು ಈ ಒಂದು ಆಯ್ಕೆಯಿಂದ.

2025ರ ಮಾರ್ಚಿನಲ್ಲಿ ಬಂದ ‘ರನ್ ಇಟ್ ಅಪ್’ ಇದಕ್ಕಿಂತ ದೊಡ್ಡ ಸಾಹಸ. ಚೆಂಡೆಯ ಪೆಟ್ಟಿನ ಮೇಲೆ ಹಾಡು ನಿಂತಿದೆ. ಅದನ್ನು ಕೇಳಿದಾಗ ಮೈ ನವಿರೇಳುತ್ತದೆ. ಕಳರಿಪಯಟ್ಟು, ತೆಯ್ಯಂ, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್‌ಟಾ ಎಲ್ಲ ವಿಡಿಯೊದಲ್ಲಿವೆ. ಆದರೂ ನನ್ನ ಮತ ‘ಬಿಗ್ ಡಾಗ್ಸ್’ಗೇ. ಒಂದೊಂದು ಕಲೆಗೂ ಕೆಲವೇ ಕ್ಷಣ ಸಿಕ್ಕರೆ ನಾವು ಬೆರಗಾಗುತ್ತೇವೆ, ಪರಿಚಯವಾಗುವುದಿಲ್ಲ. ಮರಣಬಾವಿಯ ವಿಡಿಯೊ ಒಂದೇ ಜಾಗದಲ್ಲಿ ಕೊನೆತನಕ ನಿಲ್ಲುವ ಧೈರ್ಯ ತೋರಿಸಿತ್ತು.

ಅಜ್ಜಿಯ ಹೆಸರು ಹಿಡಿದ ಹಾಡು

ದಕ್ಷಿಣದ ಭಾಷೆಗಳಲ್ಲಿ ರ‍್ಯಾಪಿಗೆ ಮೊದಲು ಗಟ್ಟಿ ನೆಲೆ ಸಿಕ್ಕಿದ್ದು ತಮಿಳಿನಲ್ಲಿ, ಅದೂ ಮಲೇಷ್ಯಾದ ತಮಿಳರಿಂದ. ಯೋಗಿ ಬಿ ಮತ್ತು ನಚ್ಚತ್ರ ತಂಡದ ‘ವಲ್ಲವನ್’ ಬಂದದ್ದು 2006ರಲ್ಲಿ. ಕೊಯಮತ್ತೂರಿನ ಹಿಪ್‌ಹಾಪ್ ತಮಿಳ ಅದನ್ನು ಮನೆಮನೆಗೆ ಮುಟ್ಟಿಸಿದರು. ಆದರೆ ನನ್ನ ಮಟ್ಟಿಗೆ ದಿಕ್ಕು ಬದಲಾದದ್ದು 2021ರ ಮಾರ್ಚಿನಲ್ಲಿ, ‘ಎಂಜಾಯ್ ಎಂಜಾಮಿ’ಯಿಂದ. ಧೀ ಮತ್ತು ಅರಿವು ಹಾಡಿದ, ಸಂತೋಷ್ ನಾರಾಯಣನ್ ಸಂಗೀತದ ಆ ಹಾಡಿನ ಬೇರು ಅರಿವಿನ ಅಜ್ಜಿ ವಳ್ಳಿಯಮ್ಮಾಳ್ ಅವರ ಬದುಕಿನಲ್ಲಿದೆ. ಶ್ರೀಲಂಕಾದ ಟೀ ತೋಟಗಳಲ್ಲಿ ದುಡಿದು, ತಿರುಗಿ ಬಂದಾಗ ಕಾಲೂರಲು ಒಂದು ಗೇಣು ಭೂಮಿಯಿಲ್ಲದ ಜನರ ಕಥೆ ಅದು. ಅದನ್ನು ಅರಿವು ಅಳುತ್ತಾ ಹೇಳಲಿಲ್ಲ. ಹಳ್ಳ, ಕೆರೆ, ನಾಯಿ, ಕೋಳಿ ಎಲ್ಲರನ್ನೂ ಪಂಕ್ತಿಗೆ ಕರೆದು ಕೂರಿಸುವ ಸಂಭ್ರಮದಲ್ಲಿ ಹೇಳಿದ. ವಿಡಿಯೊದಲ್ಲಿ ಆ ಅಜ್ಜಿಯೇ ಬಂದು ಕೂತಾಗ ಹಾಡಿಗೆ ಇನ್ನೊಂದು ಸಾಕ್ಷಿ ಬೇಕಾಗುವುದಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಈ ಹಾಡನ್ನು ಎತ್ತಿ ಹಿಡಿದ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಇದನ್ನು ಎತ್ತಿ ಆಡಿದರು, ದೊಡ್ಡ ಚರ್ಚೆ ನಡೆಯಿತು, ಪತ್ರಿಕೆ ಆಮೇಲೆ ಅರಿವಿನ ಮುಖಪುಟವನ್ನೂ ತಂದಿತು. ಮಾತು ಕೊಟ್ಟವನ ಹೆಸರು ಮೊದಲು ಬರಬೇಕು ಎಂಬ ಪಾಠ ರ‍್ಯಾಪಿಗೆ ಉಸಿರಿನಷ್ಟು ಮುಖ್ಯ.

ಕನ್ನಡಕ್ಕೆ ಈ ದಾರಿ ಹೊಸದಲ್ಲ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾದದ್ದು 1975ರಲ್ಲಿ. ಆ ಸಾಲುಗಳು ಪುಸ್ತಕದಲ್ಲಿ ಮಲಗಿರಲಿಲ್ಲ, ತಮಟೆಯ ಜೊತೆ ಬೀದಿಗೆ ಬಂದವು, ಮೆರವಣಿಗೆಯಲ್ಲಿ ನಡೆದವು. ಅರಿವನ್ನು ಕೇಳಿ ಮೆಚ್ಚುವ ನಮ್ಮ ಹುಡುಗರು ಸಿದ್ಧಲಿಂಗಯ್ಯನವರನ್ನು ಬಾಯಿಪಾಠ ಮಾಡಲಿ ಎಂಬುದು ನನ್ನ ಆಸೆ.

ಕನ್ನಡದ ಲೆಕ್ಕ

ಕನ್ನಡ ರ‍್ಯಾಪಿನ ಮೊದಲ ಹೆಜ್ಜೆಗಳು ಹೆಚ್ಚಾಗಿ ಬೆಂಗಳೂರಿನವು. ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ ತಂದಾಗ ಮಾತು ಇಂಗ್ಲಿಷಿನದಾದರೂ ಒಳಗಿನ ದನಿ ಭಜನೆ ಮನೆಯದಾಗಿತ್ತು. ಆಲ್ ಓಕೆ ಎಂಬ ಹೆಸರಿನ ಅಲೋಕ್ ‘ಯಾಕಿಂಗೆ’ಯಂಥ ಹಾಡುಗಳಲ್ಲಿ ಮಧ್ಯಮವರ್ಗದ ಹುಡುಗನ ದಿನಚರಿಯನ್ನು ಸರಳ ಮಾತಿನಲ್ಲಿ ಹಿಡಿದರು. ಅವರ ಕನ್ನಡ ಎಲ್ಲ ಜಿಲ್ಲೆಯವರಿಗೂ ತಲುಪಿತು. ಸಿರಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಡುತ್ತಾ ಹೆಣ್ಣುಮಕ್ಕಳಿಗೆ ದಾರಿ ತೆರೆದರು.

ಹಾಸನ ಸೀಮೆಯಿಂದ ಬಂದ ಚಂದನ್ ಶೆಟ್ಟಿಯ ‘ಮೂರು ಪೆಗ್’ ಮಾಡಿದ ಸದ್ದು ನೆನಪಿರದವರಿಲ್ಲ. ಮದುವೆ ಆರ್ಕೆಸ್ಟ್ರಾದಿಂದ ಗಣಪತಿ ಮೆರವಣಿಗೆವರೆಗೆ ಅದೇ. ರ‍್ಯಾಪ್ ಎಂಬ ಪದವನ್ನು ಹಳ್ಳಿ ಹಳ್ಳಿಗೂ ಮುಟ್ಟಿಸಿದ ಶ್ರೇಯ ಅವರದು, ಅದನ್ನು ಯಾರೂ ಕಸಿಯಲಾಗದು. ಕುಡಿತದ ಹಾಡು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ತಕರಾರಿಲ್ಲ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನೂ ಕುಡಿದೇ ಮಾತಾಡಿದವನು. 1930ರ ದಶಕದ ಆ ಪದಗಳಲ್ಲಿ ಹೆಂಡದ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಹೆಂಡತಿ ನಂಜಿ ಇದ್ದಾಳೆ, ಬಡತನವಿದೆ, ಕನ್ನಡದ ಮೇಲೆ ಪ್ರಾಣ ಬಿಡುವ ಪ್ರೀತಿಯಿದೆ. ‘ಮೂರು ಪೆಗ್’ ಹಾಡಿನಲ್ಲಿ ಲೋಟ ಕಾಣುತ್ತದೆ, ಹಿಡಿದವನು ಕಾಣುವುದಿಲ್ಲ. ನನ್ನ ಕೊರಗು ಅಷ್ಟೇ.

ಅವರದೇ 2020ರ ‘ಕೋಲುಮಂಡೆ’ಯಿಂದ ಎಲ್ಲರೂ ಕಲಿಯುವುದಿದೆ. ಮಲೆ ಮಹದೇಶ್ವರನ ಜನಪದದ ಹಾಡನ್ನು ರ‍್ಯಾಪಿಗೆ ತಂದ ಆ ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ನೊಂದರು. ಚಂದನ್ ಕ್ಷಮೆ ಕೇಳಿದರು, ವಿಡಿಯೊ ತೆಗೆದರು. ಜನಪದವನ್ನು ಮುಟ್ಟಬಾರದು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಆ ಹಾಡನ್ನು ತಲೆಮಾರುಗಳಿಂದ ಹೊತ್ತು ತಂದ ಕಂಸಾಳೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮುಟ್ಟಬೇಕು.

ಹಾಗೆ ಕೂರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2021ರ ‘ಸಲಗ’ ಚಿತ್ರವಿದೆ. ಚರಣ್ ರಾಜ್ ಸಂಗೀತದಲ್ಲಿ ಉತ್ತರ ಕನ್ನಡದ ಸಿದ್ದಿ ಸಮುದಾಯದ ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಅವರ ಜೊತೆ ಚನ್ನಕೇಶವ ಹಾಡಿದ ‘ಟಿಣಿಂಗ ಮಿಣಿಂಗ’ ನಾಡಿನ ತುಂಬ ಕುಣಿಯಿತು. ಹಾಡಿದವರಲ್ಲಿ ಅದೇ ಸಮುದಾಯದವರಿದ್ದರು, ತೆರೆಯ ಮೇಲೂ ಅವರು ಕಂಡರು. 2024ರ ‘ಭೀಮ’ದಲ್ಲಿ ಅದೇ ಚರಣ್ ರಾಜ್ ಅವರು ರಾಹುಲ್ ಡಿಟ್ಟೊ, ಎಂ.ಸಿ. ಬಿಜ್ಜು ಅವರಂಥ ರ‍್ಯಾಪರುಗಳನ್ನು ಸಿನಿಮಾದ ಒಳಗೆ ಕರೆತಂದರು. ಇವರ ಕನ್ನಡ ಬೆಂಗಳೂರಿನ ಗಲ್ಲಿಯದು, ಎರವಲು ತಂದದ್ದಲ್ಲ. ಆ ಗಲ್ಲಿಗೆ ದನಿ ಸಿಕ್ಕಿದೆ ಎಂಬುದು ಸಂತೋಷ. ಈಗ ಬಾಕಿ ಇರುವುದು ಉಳಿದ ಕರ್ನಾಟಕ.

ಪ್ರಾಸ ಅಗ್ಗ, ಹದ ದುಬಾರಿ

ಊರಿನ ಹುಡುಗರು ಬರೆದ ರ‍್ಯಾಪ್‌ಗಳನ್ನು ರೀಲ್ಸಿನಲ್ಲಿ ನೋಡುವಾಗ ಒಂದು ದೋಷ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬರ್ತೀನಿ, ಹೋಗ್ತೀನಿ, ತೋರಿಸ್ತೀನಿ, ಸೋಲಿಸ್ತೀನಿ ಎಂದು ಸಾಲು ಸಾಲಿಗೂ ಕೊನೆ ಕೂಡಿಬಿಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುವುದರಿಂದ ಅಂತ್ಯಪ್ರಾಸ ಕೇಳದೆಯೇ ಸಿಗುತ್ತದೆ. ಇಂಗ್ಲಿಷಿನ ರ‍್ಯಾಪರು ಬೆವರು ಸುರಿಸಿ ಗಳಿಸುವುದು ನಮಗೆ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದಕ್ಕೆ ಕಿವಿ ಬೆಲೆ ಕೊಡುವುದಿಲ್ಲ.

ನಮ್ಮ ಹಿಂದಿನ ಕವಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಪ್ರಾಸವನ್ನು ಸಾಲಿನ ತುದಿಯಿಂದ ಎತ್ತಿ ಮೊದಲಿಗೆ ತಂದರು. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು ಎಂಬ ಆದಿಪ್ರಾಸದ ಕಟ್ಟು ಅದು. ಲಕ್ಷ್ಮೀಶನ ವಾರ್ಧಕ ಷಟ್ಪದಿ ನೋಡಿ: ಐದೈದು ಮಾತ್ರೆಯ ಗಣಗಳು, ನಾಲ್ಕು ಸಾಲಿಗೆ ತಲಾ 20 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ ತಲಾ 32 ಮಾತ್ರೆ, ಒಟ್ಟು 144. ಎರಡು ಗಿಡ್ಡ ಸಾಲು ಬಂದು ಮೂರನೆಯದು ಉದ್ದಕ್ಕೆ ಚಾಚಿಕೊಳ್ಳುವಾಗ ಕೇಳುಗನ ಉಸಿರೂ ಜೊತೆಗೆ ಎಳೆದುಕೊಳ್ಳುತ್ತದೆ. ಇವತ್ತಿನ ರ‍್ಯಾಪರು ಫ್ಲೋ ಬದಲಾಯಿಸುವುದು ಅನ್ನುವುದು ಇದನ್ನೇ.

ಇಬ್ಬಗೆಯ ಪ್ರಾಸವನ್ನೂ ಕೂಡಿಸಿದರೆ ಹೇಗಿರುತ್ತದೆ ಎಂದು ತೋರಿಸಲು ಎರಡು ಸಾಲು ಬರೆದಿದ್ದೇನೆ:

ಕಡೂರ ಬಿಸಿಲಿಗೆ ಕೆರೆಯಂಗಳ ಸೀಳು,
ಬಡವನ ಬಾಯಿಗೆ ಬೋರ್‌ವೆಲ್ಲಿನ ಧೂಳು.

‘ಕಡೂರ’, ‘ಬಡವನ’ ಎಂಬಲ್ಲಿ ಡಕಾರ ಕೂಡಿತು, ತುದಿಯಲ್ಲಿ ಸೀಳು, ಧೂಳು ಕೂಡಿದವು, ಎರಡನೆಯ ಸಾಲಿನ ಒಳಗೆ ಬಕಾರ ಮೂರು ಸಲ ತಮಟೆಯ ಪೆಟ್ಟಿನ ಹಾಗೆ ಬಿತ್ತು. ಇದನ್ನು ಎಂಟು ಸಾಲಿಗೆ ಬೆಳೆಸುವವರು, ನನಗಿಂತ ಚೆನ್ನಾಗಿ ಹೇಳುವವರು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಕೈಗೆ ಒಂದು ಷಟ್ಪದಿಯ ಪುಸ್ತಕ ಕೊಡಬೇಕು.

ಒಡಪು ಹೇಳುವವನ ಬಾಯಿ

ಪುಸ್ತಕ ಬೇಡವೆಂದರೆ ವೀರಗಾಸೆಯ ಮೇಳದ ಎದುರು ನಿಲ್ಲಿ. ಬೀರೂರು, ಕಡೂರು, ತರೀಕೆರೆಯ ಸುತ್ತ ವೀರಭದ್ರನ ಉತ್ಸವ, ಕೆಂಡ, ಮದುವೆ, ಗೃಹಪ್ರವೇಶ ಎಲ್ಲಕ್ಕೂ ವೀರಗಾಸೆ ಬೇಕು. ಕಲ್ಲತ್ತಿಗಿರಿಯ ನೀರು ಬೀಳುವ ಬಂಡೆಯ ಮಗ್ಗುಲಲ್ಲಿ ವೀರಭದ್ರನ ಗುಡಿಯೇ ಇದೆ. ಕಾವಿ ಕಚ್ಚೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ನಾಗಾಭರಣ, ಕೈಯಲ್ಲಿ ಹಿರಿದ ಕತ್ತಿ. ಕರಡೆ, ಸಂಬಾಳ, ತಾಳದ ಅಬ್ಬರ ಏರುತ್ತಾ ಬಂದು ಕುಣಿತ ಬಿರುಸಾಗುತ್ತದೆ. ಒಬ್ಬ ಕತ್ತಿ ಎತ್ತುತ್ತಾನೆ. ವಾದ್ಯ ಥಟ್ಟನೆ ನಿಲ್ಲುತ್ತದೆ.

ಒಡಪು ಶುರುವಾಗುವುದು ಆಗ. ದಕ್ಷನ ಯಜ್ಞ, ಸತಿಗಾದ ಅವಮಾನ, ಶಿವನ ಜಡೆಯಿಂದ ವೀರಭದ್ರ ಎದ್ದು ಬಂದದ್ದು, ನಡುನಡುವೆ ಶರಣರ ವಚನ. ಇದನ್ನು ಹಾಡು ಅನ್ನುವಂತಿಲ್ಲ, ಬರೀ ಮಾತು ಅನ್ನುವಂತೆಯೂ ಇಲ್ಲ. ಮೊದಲ ನುಡಿಗಳು ಬಿಡಿಬಿಡಿಯಾಗಿ ನಿಧಾನಕ್ಕೆ ಬೀಳುತ್ತವೆ. ಆಮೇಲೆ ಪದಗಳು ಒತ್ತೊತ್ತಾಗಿ, ಉಸಿರು ಬಿಡದೆ, ಏರುಗತಿಯಲ್ಲಿ ನುಗ್ಗುತ್ತವೆ. ಜೊತೆಯವರು ನಡುವೆ ಒಂದೇ ಕೊರಳಿನಲ್ಲಿ ಕೂಗಿ ಸಾಲನ್ನು ಎತ್ತಿ ಹಿಡಿಯುತ್ತಾರೆ. ಕೊನೆಯ ಪದ ನೆಲಕ್ಕೆ ಬಿದ್ದ ಗಳಿಗೆಯಲ್ಲೇ ಕರಡೆ ಸಿಡಿಯುತ್ತದೆ, ಕುಣಿತ ಮತ್ತೆ ಹೊತ್ತಿಕೊಳ್ಳುತ್ತದೆ.

ಬೀಟು ನಿಲ್ಲಿಸಿ ಮಾತನ್ನು ಬೆತ್ತಲೆ ನಿಲ್ಲಿಸುವುದು, ಜೊತೆಗಾರರ ಕೂಗು, ಪದ ಮುಗಿದ ಕಡೆ ವಾದ್ಯ ಬೀಳುವುದು: ರ‍್ಯಾಪ್ ಸ್ಟುಡಿಯೊದಲ್ಲಿ ಕಂಪ್ಯೂಟರಿನಿಂದ ಮಾಡುವ ಈ ಮೂರನ್ನೂ ಒಡಪು ಹೇಳುವವನು ಬಯಲಿನಲ್ಲಿ, ಮೈಕಿಲ್ಲದೆ, ಕುಣಿದು ಬೆವೆತ ಮೈಯಲ್ಲಿ ಮಾಡುತ್ತಾನೆ. ಒಡಪಿನಿಂದ ರ‍್ಯಾಪ್ ಬಂತು ಎಂದು ನಾನು ಹೇಳುತ್ತಿಲ್ಲ. ಬ್ರಾಂಕ್ಸಿನ ಕರಿಯರ ನೋವು, ಛಲ ಅವರದೇ. ಆದರೆ ಉಸಿರು ಹಿಡಿಯುವುದು, ಪದಕ್ಕೆ ಒತ್ತು ಕೊಡುವುದು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದನ್ನು ಕಲಿಸುವ ಗುರು ನಮ್ಮ ಬೀದಿಯಲ್ಲೇ ಇರುವಾಗ ಯೂಟ್ಯೂಬಿನ ಪಾಠವೊಂದನ್ನೇ ನಂಬಿ ಕೂರುವುದೇಕೆ?

ಗಣಪತಿ ಬಿಡುವ ದಿನ ಲಾರಿಯ ಮೇಲೆ ಗೋಡೆಯಷ್ಟು ಎತ್ತರ ಸ್ಪೀಕರ್ ಪೇರಿಸಿದ ಡಿಜೆ ಬರುತ್ತದೆ. ಅಂಗಡಿಗಳ ಶಟರ್ ನಡುಗುತ್ತವೆ. ಬೇಸ್ ನನಗೂ ಇಷ್ಟ. ಆದರೆ ಅದೇ ಮೆರವಣಿಗೆಯಲ್ಲಿ ವೀರಗಾಸೆ, ಡೊಳ್ಳು ಮೂಲೆಗೆ ಸರಿದರೆ ಹುಡುಗರು ಬೇಸನ್ನಷ್ಟೇ ಕಲಿಯುತ್ತಾರೆ, ಬಾಯಿ ಕಲಿಯುವುದಿಲ್ಲ.

ಕ್ಯಾಮೆರಾ ಯಾವ ಕಡೆ ತಿರುಗಬೇಕು

ಚಿಕ್ಕಮಗಳೂರು ಜಿಲ್ಲೆ ಅಂದರೆ ಕ್ಯಾಮೆರಾದವರಿಗೆ ಮುಳ್ಳಯ್ಯನಗಿರಿಯ ಮಂಜು, ಕಾಫಿ ಹೂವು, ಕೆಮ್ಮಣ್ಣುಗುಂಡಿಯ ಗುಲಾಬಿ. ಕಡೂರಿನ ಬಯಲು, ಅಜ್ಜಂಪುರದ ಈರುಳ್ಳಿ ಹೊಲ ಆ ಚೌಕಟ್ಟಿಗೆ ಬರುವುದೇ ಇಲ್ಲ. ಒಂದೇ ಜಿಲ್ಲೆಯ ಒಂದು ಮಗ್ಗುಲಿಗೆ ಮಳೆ ಸುರಿಯುತ್ತಿರುವಾಗ ಇನ್ನೊಂದು ಮಗ್ಗುಲಿನವರು ಮೋಡ ನೋಡುತ್ತಾ ಕೂರುವ ಸಂಗತಿಗಿಂತ ದೊಡ್ಡ ರ‍್ಯಾಪ್ ವಿಷಯ ಯಾವುದಿದೆ?

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿದೆ. ಹೈದರ್, ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದ ರಾಸುಗಳ ಕುಲ ಅದು. ನೀಳ ಕೋಡು ಬೆನ್ನ ಕಡೆ ಬಾಗಿಸಿಕೊಂಡು ಅವು ಕಾವಲಿನಲ್ಲಿ ನಡೆದು ಬರುವ ಗತ್ತನ್ನು ಯಾವ ಬಾಡಿಗೆ ಕಾರು ಕೊಟ್ಟೀತು? ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದು ಚಿತ್ರದುರ್ಗದ ಕಡೆ ನೀರು ಹರಿಸುವ ಕೆಲಸ ನಡೆದಿದೆ. ನೆಲದಡಿ ಹೋಗುವ ನೀರು, ನೆಲದ ಮೇಲೆ ಒಣಗಿದ ತೆಂಗು, ಇವೆರಡರ ನಡುವೆ ನಿಂತು ಒಬ್ಬ ಹುಡುಗಿ ಹಾಡಿದರೆ ಆ ವಿಡಿಯೊಗೆ ಗ್ರಾಫಿಕ್ಸ್ ಬೇಕಿಲ್ಲ. ಬೀರೂರು ಜಂಕ್ಷನ್ನಿನ ರಾತ್ರಿ ಪ್ಲಾಟ್‌ಫಾರಂ ಇದೆ. ಬೆಂಗಳೂರಿಗೆ ಕೆಲಸಕ್ಕೆ ಹೊರಟ ನಮ್ಮ ಅರ್ಧ ಊರು ಅಲ್ಲಿ ಬ್ಯಾಗು ಹಿಡಿದು ನಿಂತಿರುತ್ತದೆ. ಸಖರಾಯಪಟ್ಟಣದ ಅಯ್ಯನಕೆರೆ ಇದೆ. ಜೋಡೆತ್ತಿನ ಗಾಡಿ ಓಟದ ಕಣವಿದೆ. ಮರಣಬಾವಿಯಷ್ಟೇ ಎದೆ ನಡುಗಿಸುವ ಓಟ ಅದು. ತಾಂಡಾಗಳ ಲಂಬಾಣಿ ಮಾತಿದೆ, ಪೇಟೆಯ ಉರ್ದು ಇದೆ, ಸೋಬಾನೆ ಹಾಡುವ ಅಜ್ಜಿಯರ ಬಾಯಲ್ಲಿ ಬೀಗರನ್ನು ಛೇಡಿಸುವ ಪದಗಳ ಕಣಜವೇ ಇದೆ. ಎದುರಾಳಿಯನ್ನು ಚುಚ್ಚುವ ಡಿಸ್ ಹಾಡಿನ ವರಸೆ ಕಲಿಯಬೇಕೆನ್ನುವವರು ಒಂದು ಬೀಗರೂಟದಲ್ಲಿ ಅವರ ಪಕ್ಕ ಕೂರಬೇಕು.

ಇದೆಲ್ಲ ಆಗಬೇಕಾದರೆ ಕೆಲವು ಕೆಲಸ ಕೂಡಲೇ ಮಾಡಬಹುದು. ಕಡೂರು, ತರೀಕೆರೆ, ಅಜ್ಜಂಪುರದ ಗಣಪತಿ ಸಮಿತಿಗಳು, ರಾಜ್ಯೋತ್ಸವ ಸಮಿತಿಗಳು ಆರ್ಕೆಸ್ಟ್ರಾಕ್ಕೆ ಕೊಡುವ ಸಂಜೆಯಲ್ಲಿ ಒಂದು ಗಂಟೆಯನ್ನು ಊರಿನ ರ‍್ಯಾಪರುಗಳಿಗೂ ವೀರಗಾಸೆಯವರಿಗೂ ಒಟ್ಟಿಗೆ ಕೊಡಲಿ. ಒಂದೇ ವೇದಿಕೆ, ಒಂದೇ ಸಂಭಾವನೆ. ಕಾಲೇಜುಗಳ ಕನ್ನಡ ಮೇಷ್ಟ್ರುಗಳು ಷಟ್ಪದಿಯ ಪಾಠದ ದಿನ ಒಂದು ಬೀಟ್ ಹಾಕಿ, ಅದರ ಮೇಲೆ ಮಾತ್ರೆ ಎಣಿಸಲು ಹೇಳಲಿ. ಮಕ್ಕಳು ಛಂದಸ್ಸನ್ನು ಮರೆಯುವುದಿಲ್ಲ. ಹಾಡು ಬರೆಯುವವರು ಒಡಪು ಕೊಟ್ಟವರ, ಪದ ಹೇಳಿಕೊಟ್ಟ ಅಜ್ಜಿಯ ಹೆಸರನ್ನು ವಿಡಿಯೊದ ಮೊದಲ ಅಕ್ಷರಗಳಲ್ಲೇ ಹಾಕಲಿ, ಬಂದ ಹಣದಲ್ಲಿ ಪಾಲು ಕೊಡಲಿ.

ಬೆಂಗಳೂರಿನ ಗಲ್ಲಿ, ಮಲಬಾರಿನ ಜಾತ್ರೆ, ಅರಿವಿನ ಅಜ್ಜಿ, ಎಲ್ಲರೂ ತಮ್ಮ ಮಾತು ಹೇಳಿಯಾಯಿತು. ಬಯಲುಸೀಮೆಯ ಈ ಮೂರು ತಾಲ್ಲೂಕಿಗೂ ಹೇಳುವುದಿದೆ. ಅದನ್ನು ಕಡೂರಿನ ಕನ್ನಡದಲ್ಲೇ ಹೇಳಿ. ಹಾಡು ಬಂದ ದಿನ ಮೊದಲು ಕೇಳಿ, ನಾಲ್ಕು ಜನರಿಗೆ ಕೇಳಿಸುವ ಕೆಲಸ ನನ್ನದು.